ಕಡಲಿಗೆ ಜಾಗ ಬಿಟ್ಟುಕೊಟ್ಟ ದೀಪಸ್ತಂಭ: ಕೇಪ್ ಹ್ಯಾಟರಸ್

ಅಮೆರಿಕದ ಪೂರ್ವ ಕರಾವಳಿಯ ನಕ್ಷೆಯಲ್ಲಿ ಉತ್ತರ ಕೆರೊಲೈನಾ ರಾಜ್ಯದ ಬಳಿ ಒಂದು ವಿಶೇಷ ಕಾಣಸಿಗುತ್ತದೆ. ಮುಖ್ಯ ಭೂಭಾಗದಿಂದ ದೂರ ಸರಿದು, ನಡುವೆ ವಿಶಾಲವಾದ ಹಿನ್ನೀರನ್ನು ಬಿಟ್ಟು, ದಾರದಷ್ಟು ತೆಳ್ಳಗಿನ ಮರಳಿನ ಪಟ್ಟಿಯೊಂದು ಅಟ್ಲಾಂಟಿಕ್ ಸಾಗರದತ್ತ ಬಾಗುತ್ತ ಹೋಗಿ, ಒಂದು ಮೊನೆಯಲ್ಲಿ ತಟ್ಟನೆ ಪಶ್ಚಿಮಕ್ಕೆ ತಿರುಗುತ್ತದೆ. ಈ ಪಟ್ಟಿಗೆ ಔಟರ್ ಬ್ಯಾಂಕ್ಸ್ ಎಂದು ಹೆಸರು. ತಿರುವಿನ ಮೊನೆಯೇ ಕೇಪ್ ಹ್ಯಾಟರಸ್. ಅಲ್ಲಿಯ ಬಕ್ಸ್‌ಟನ್ ಎಂಬ ಸಣ್ಣ ಊರಿನಲ್ಲಿ, ಕಪ್ಪು ಬಿಳುಪಿನ ಪಟ್ಟೆಗಳನ್ನು ಸುರುಳಿಯಾಗಿ ಮೈಗೆ ಸುತ್ತಿಕೊಂಡು ನಿಂತಿರುವ ದೀಪಸ್ತಂಭವು ಈ ದೇಶದ ಇಟ್ಟಿಗೆಯ ದೀಪಸ್ತಂಭಗಳಲ್ಲೆಲ್ಲ ಅತ್ಯಂತ ಎತ್ತರವಾದುದು. ಬುನಾದಿಯಿಂದ ಸಿಡಿಲು ತಡೆಯುವ ಸಲಾಕೆಯ ತುದಿಯವರೆಗೆ ಅಳೆದರೆ ಸುಮಾರು 198 ಅಡಿ. ಇದನ್ನು ಕಟ್ಟಲು ಹನ್ನೆರಡೂವರೆ ಲಕ್ಷ ಇಟ್ಟಿಗೆಗಳು ಬೇಕಾದವು.

ಎತ್ತರವಷ್ಟೇ ಇದರ ಹಿರಿಮೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಈ ಸ್ತಂಭ ಈಗ ನಿಂತಿರುವ ಸ್ಥಳ ಅದು ಹುಟ್ಟಿದ ಸ್ಥಳವಲ್ಲ. 1999ರಲ್ಲಿ ಇದನ್ನು ಬುಡಸಮೇತ ಎತ್ತಿ 2,900 ಅಡಿ ದೂರಕ್ಕೆ, ಕಡಲಿನಿಂದ ಒಳಕ್ಕೆ, ಸರಿಸಲಾಯಿತು. ಜಗತ್ತಿನ ಹೆಚ್ಚಿನ ದೀಪಸ್ತಂಭ ಸಂಗ್ರಹಾಲಯಗಳು ಹಡಗುಗಳ, ಮಸೂರಗಳ, ದೀಪ ಕಾಯುತ್ತಿದ್ದವರ ಕಥೆಯನ್ನು ಹೇಳುತ್ತವೆ. ಹ್ಯಾಟರಸ್ ಅದರ ಜತೆಗೆ ಮತ್ತೊಂದನ್ನು ಹೇಳುತ್ತದೆ: ಒಂದು ಸಮಾಜ ಎಪ್ಪತ್ತು ವರ್ಷ ಕಡಲಿನೊಡನೆ ಜಗಳವಾಡಿ, ಕೊನೆಗೆ ಯಾವ ಕಾರಣಕ್ಕೆ ಹಿಂದೆ ಸರಿಯಲು ಒಪ್ಪಿತು ಎಂಬುದನ್ನು. ಪ್ರತಿ ಮಳೆಗಾಲದಲ್ಲೂ ಊರಿನ ಪತ್ರಿಕೆಗಳಲ್ಲಿ ಕಡಲ್ಕೊರೆತದ ಸುದ್ದಿಯನ್ನು ಓದುವ ನಮಗೆ ಈ ಕಥೆ ದೂರದ್ದಲ್ಲ.

ದೀಪ ಇಲ್ಲೇ ಏಕೆ

ಹ್ಯಾಟರಸ್ ಮೊನೆಯಿಂದ ಕಡಲೊಳಕ್ಕೆ ಹಲವು ಮೈಲಿಗಳವರೆಗೆ ಡೈಮಂಡ್ ಶೋಲ್ಸ್ ಎಂಬ ಮರಳ ದಿಣ್ಣೆಗಳು ನೀರಿನಡಿಯಲ್ಲಿ ಹಬ್ಬಿವೆ. ಅವು ನಿಂತಲ್ಲಿ ನಿಲ್ಲುವುದಿಲ್ಲ. ಪ್ರತಿ ಬಿರುಗಾಳಿಯಲ್ಲೂ ಆಕಾರ ಬದಲಿಸುತ್ತವೆ. ದಕ್ಷಿಣದಿಂದ ಬರುವ ಬೆಚ್ಚನೆಯ ಗಲ್ಫ್ ಪ್ರವಾಹವೂ ಉತ್ತರದ ತಣ್ಣನೆಯ ನೀರೂ ಕೂಡುವುದು ಇದರ ಸಮೀಪದಲ್ಲಿಯೇ. ಹಾಯಿ ಹಡಗುಗಳ ಕಾಲದಲ್ಲಿ ದಕ್ಷಿಣಕ್ಕೆ ಹೋಗುವ ನಾವಿಕನು ಗಲ್ಫ್ ಪ್ರವಾಹದ ಎದುರು ಸೆಳೆತವನ್ನು ತಪ್ಪಿಸಿಕೊಳ್ಳಲು ದಡದ ಹತ್ತಿರ ಬರಬೇಕಾಗುತ್ತಿತ್ತು. ಹತ್ತಿರ ಬಂದರೆ ದಿಣ್ಣೆಗಳ ಬಾಯಿಗೆ ಬೀಳುವ ಭಯ. ಈ ಕಡಲಿಗೆ ಅಟ್ಲಾಂಟಿಕ್‌ನ ಸ್ಮಶಾನ ಎಂಬ ಹೆಸರು ಬಂದದ್ದು ಹೀಗೆ. ಅಂತರ್ಯುದ್ಧದ ಪ್ರಸಿದ್ಧ ಕಬ್ಬಿಣದ ಹಡಗು ಮಾನಿಟರ್ 1862ರ ಡಿಸೆಂಬರ್ 31ರಂದು ಮುಳುಗಿದ್ದು ಈ ಮೊನೆಯಾಚೆಯಲ್ಲೇ. ಅದರ ಅವಶೇಷ 1973ರಲ್ಲಿ ಪತ್ತೆಯಾಯಿತು. ಎರಡು ವರ್ಷಗಳ ಬಳಿಕ ಆ ಸ್ಥಳವು ಅಮೆರಿಕದ ಮೊದಲ ರಾಷ್ಟ್ರೀಯ ಸಾಗರ ಅಭಯಧಾಮವಾಯಿತು.

ಇಲ್ಲಿ ಮೊದಲ ದೀಪ ಬೆಳಗಿದ್ದು 1803ರಲ್ಲಿ. ಮರಳುಗಲ್ಲಿನ ಆ ಸ್ತಂಭ ಕೇವಲ 90 ಅಡಿ ಎತ್ತರವಿತ್ತು. ತಿಮಿಂಗಿಲದ ಎಣ್ಣೆಯ ದೀಪಗಳ ಬೆಳಕು ದಿಣ್ಣೆಗಳಾಚೆಗೆ ಮುಟ್ಟುತ್ತಲೇ ಇರಲಿಲ್ಲವೆಂದು ನಾವಿಕರು ದೂರಿದರು. 1850ರ ದಶಕದಲ್ಲಿ ಅದನ್ನು 150 ಅಡಿಗೆ ಏರಿಸಿ, ಮೊದಲ ದರ್ಜೆಯ ಫ್ರೆನೆಲ್ ಮಸೂರವನ್ನು ಕೂರಿಸಿದರು. ಅಂತರ್ಯುದ್ಧದ ನಂತರ ಹಳೆಯದರ ದುರಸ್ತಿಗಿಂತ ಹೊಸದನ್ನು ಕಟ್ಟುವುದೇ ಲೇಸೆಂದು ತೀರ್ಮಾನವಾಗಿ, ಡೆಕ್ಸ್‌ಟರ್ ಸ್ಟೆಟ್ಸನ್ ಎಂಬ ಮೇಸ್ತ್ರಿಯ ಮೇಲ್ವಿಚಾರಣೆಯಲ್ಲಿ ಈಗಿನ ಸ್ತಂಭ ಎದ್ದಿತು. 1870ರ ಡಿಸೆಂಬರ್‌ನಲ್ಲಿ ಅದರಲ್ಲಿ ದೀಪ ಹೊತ್ತಿತು. ಮರುವರ್ಷ ಹಳೆಯದನ್ನು ಕೆಡವಿದರು. ಸುರುಳಿ ಪಟ್ಟೆಗಳನ್ನು ಬಳಿದದ್ದು 1873ರಲ್ಲಿ. ಹಗಲಿನಲ್ಲಿ ಸಾಗುವ ನಾವಿಕನಿಗೆ ಯಾವ ಸ್ತಂಭ ಯಾವುದೆಂದು ಗುರುತು ಸಿಗಬೇಕಲ್ಲ; ಅದಕ್ಕಾಗಿ ಉತ್ತರದ ಬೋಡಿ ದ್ವೀಪದ ಸ್ತಂಭಕ್ಕೆ ಅಡ್ಡ ಪಟ್ಟೆ, ದಕ್ಷಿಣದ ಕೇಪ್ ಲುಕ್‌ಔಟ್‌ಗೆ ಚೌಕುಳಿ, ಹ್ಯಾಟರಸ್‌ಗೆ ಸುರುಳಿ. ಬರಿಯ ಅಲಂಕಾರವೆಂದು ಪ್ರವಾಸಿಗಳು ತಿಳಿಯುವ ಈ ಬಣ್ಣಗಳು ವಾಸ್ತವದಲ್ಲಿ ಹೆಸರಿನ ಫಲಕಗಳು.

ಸ್ಟೆಟ್ಸನ್ನನ ಬುನಾದಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಮರಳಿನಲ್ಲಿ ಕಂಬಗಳನ್ನು ಹೊಡೆದು ಅವುಗಳ ಮೇಲೆ ಕಟ್ಟಬೇಕೆಂಬುದು ಮೊದಲ ಯೋಜನೆ. ಆದರೆ ಕೆಲವು ಅಡಿಗಳ ಕೆಳಗೆ ಮರಳು ಎಷ್ಟು ಗಟ್ಟಿಯಾಗಿತ್ತೆಂದರೆ ಕಂಬಗಳು ಇಳಿಯಲೊಲ್ಲವು. ಆಗ ಆತ ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಗುಂಡಿ ತೋಡಿಸಿ, ಹಳದಿ ಪೈನ್ ಮರದ ದಪ್ಪ ತೊಲೆಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಎರಡು ಪದರಗಳಲ್ಲಿ ಹಾಸಿ, ಅದರ ಮೇಲೆ ಗ್ರಾನೈಟ್ ಕಲ್ಲುಗಳನ್ನು ಪೇರಿಸಿದ. ಮರ ಮಣ್ಣಿನಲ್ಲಿ ಕೊಳೆಯಲಿಲ್ಲವೇ ಎಂದರೆ, ಇಲ್ಲ. ಸಿಹಿನೀರಿನಲ್ಲಿ ಸದಾ ಮುಳುಗಿದ್ದ ಮರಕ್ಕೆ ಗಾಳಿ ತಾಗದು. ಗಾಳಿ ತಾಗದಿದ್ದರೆ ಕೊಳೆಸುವ ಜೀವಿಗಳಿಗೆ ಅಲ್ಲಿ ಬದುಕಿಲ್ಲ. ಸಾವಿರಾರು ಟನ್ ಭಾರದ ಸ್ತಂಭ ನೂರಿಪ್ಪತ್ತೊಂಬತ್ತು ವರ್ಷ ಈ ಮರದ ಚಾಪೆಯ ಮೇಲೆ ನಿಂತಿತು. ಅದಕ್ಕಿದ್ದ ಅಪಾಯ ಎರಡು: ಸುತ್ತಲಿನ ಮರಳು ಕೊಚ್ಚಿಹೋಗುವುದು, ಉಪ್ಪುನೀರು ಒಳನುಗ್ಗುವುದು. ಎರಡನ್ನೂ ತರಬಲ್ಲದ್ದು ಕಡಲು.

ನಡೆಯುವ ದ್ವೀಪ

1870ರಲ್ಲಿ ಸ್ತಂಭದಿಂದ ಕಡಲು 1,500 ಅಡಿ ದೂರದಲ್ಲಿತ್ತು. 1919ರ ಹೊತ್ತಿಗೆ ಸುಮಾರು 300 ಅಡಿ. 1935ರಲ್ಲಿ ತೆರೆಗಳು ಬುಡವನ್ನೇ ಮುಟ್ಟಿದವು. ಕಡಲು ದಡವನ್ನು ತಿನ್ನುತ್ತಿದೆ ಎಂದು ಹೇಳುವುದು ವಾಡಿಕೆ. ಆದರೆ ಔಟರ್ ಬ್ಯಾಂಕ್ಸ್‌ನಲ್ಲಿ ನಡೆಯುತ್ತಿರುವುದು ಬರಿಯ ತಿನ್ನುವಿಕೆಯಲ್ಲ.

ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಹಿಮಯುಗದ ತುತ್ತತುದಿಯಲ್ಲಿ ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 400 ಅಡಿ ಕೆಳಗಿತ್ತು. ದಡವು ಈಗಿನ ದಡಕ್ಕಿಂತ ಎಷ್ಟೋ ಮೈಲಿ ಪೂರ್ವದಲ್ಲಿತ್ತು. ಹಿಮ ಕರಗಿ ನೀರು ಏರಿದಂತೆ ದಡದ ಮರಳ ಪಟ್ಟಿಯೂ ನೆಲದ ಕಡೆಗೆ ಸರಿಯುತ್ತ ಬಂತು. ಸರಿಯುವ ಬಗೆ ಹೀಗೆ. ಬಿರುಗಾಳಿಯ ದಿನ ತೆರೆಗಳು ಕಡಲಬದಿಯ ಮರಳನ್ನು ಎತ್ತಿ ದ್ವೀಪದ ಮೇಲಿಂದ ಹಾಯಿಸಿ ಹಿನ್ನೀರಿನ ಬದಿಗೆ ಚೆಲ್ಲುತ್ತವೆ. ಮುಂದೆ ಕಳೆದದ್ದು ಹಿಂದೆ ಸೇರುತ್ತದೆ. ಕೆಲವೊಮ್ಮೆ ಇಡೀ ದ್ವೀಪವೇ ಒಡೆದು ಹೊಸ ಅಳಿವೆ ಬಾಯ್ದೆರೆಯುತ್ತದೆ. ಅದರೊಳಗೆ ನುಗ್ಗಿದ ಮರಳು ಹಿನ್ನೀರಿನಲ್ಲಿ ನಿಂತು, ಹುಲ್ಲು ಹುಟ್ಟಿ, ನಾಳಿನ ದ್ವೀಪಕ್ಕೆ ತಳಪಾಯವಾಗುತ್ತದೆ. 2003ರ ಸೆಪ್ಟೆಂಬರಿನಲ್ಲಿ ಇಸಬೆಲ್ ಚಂಡಮಾರುತವು ಹ್ಯಾಟರಸ್ ಊರಿನ ಬಳಿ ರಸ್ತೆಯನ್ನು ಕತ್ತರಿಸಿ ಇಂಥ ಒಂದು ಅಳಿವೆಯನ್ನು ತೆರೆದಿತ್ತು. ಎಂಜಿನಿಯರುಗಳು ಕೆಲವೇ ವಾರಗಳಲ್ಲಿ ಅದನ್ನು ಮುಚ್ಚಿದರು. ಒಟ್ಟಿನಲ್ಲಿ ದ್ವೀಪ ಸಾಯುತ್ತಿಲ್ಲ, ನಡೆಯುತ್ತಿದೆ. ಅದರ ಮೇಲಿರುವ ನಮ್ಮ ಕಟ್ಟಡಗಳಿಗೆ ಮಾತ್ರ ಕಾಲಿಲ್ಲ.

ಇದನ್ನು ತಿಳಿಯಲು ವಿಜ್ಞಾನಿಗಳಿಗೂ ಸಮಯ ಹಿಡಿಯಿತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಸರಕಾರವು ನಿರುದ್ಯೋಗಿಗಳಿಗೆ ಕೆಲಸ ಕೊಡಲು ಇಲ್ಲಿ ಮರಳನ್ನು ಹಿಡಿಯುವ ಬೇಲಿಗಳನ್ನು ಹಾಕಿಸಿ, ಹುಲ್ಲು ನೆಡಿಸಿ, ದ್ವೀಪದುದ್ದಕ್ಕೂ ಎತ್ತರದ ಮರಳಿನ ದಿಬ್ಬಗಳನ್ನು ಬೆಳೆಸಿತು. ಒಳ್ಳೆಯ ಉದ್ದೇಶ, ಒಳ್ಳೆಯ ಕೆಲಸವೆಂದೇ ಎಲ್ಲರೂ ನಂಬಿದ್ದರು. 1970ರ ದಶಕದ ಆರಂಭದಲ್ಲಿ ರಾಬರ್ಟ್ ಡೋಲನ್, ಪಾಲ್ ಗಾಡ್‌ಫ್ರೆ ಮೊದಲಾದವರು ದಿಬ್ಬ ಕಟ್ಟಿದ ಹ್ಯಾಟರಸ್ಸನ್ನೂ ದಕ್ಷಿಣದಲ್ಲಿ ಯಾರೂ ಮುಟ್ಟದೆ ಬಿಟ್ಟಿದ್ದ ಕೋರ್ ಬ್ಯಾಂಕ್ಸನ್ನೂ ಹೋಲಿಸಿ ನೋಡಿದರು. ದಿಬ್ಬಗಳು ತೆರೆಗಳನ್ನು ತಡೆದಾಗ ಹಿನ್ನೀರಿನ ಬದಿಗೆ ಮರಳು ಹೋಗುವುದು ನಿಂತಿತ್ತು. ಕಡಲಬದಿಯ ಸವೆತ ಮಾತ್ರ ನಿಂತಿರಲಿಲ್ಲ. ಮುಂದಿನಿಂದ ಕಳೆಯುತ್ತ ಹಿಂದಕ್ಕೆ ಸೇರಿಸಿಕೊಳ್ಳದ ದ್ವೀಪ ಬಡಕಲಾಗುತ್ತ ಹೋಗಿತ್ತು. ಈ ಅಧ್ಯಯನಗಳ ಬಳಿಕ 1973ರಲ್ಲಿ ರಾಷ್ಟ್ರೀಯ ಉದ್ಯಾನ ಸೇವೆಯು ದಿಬ್ಬಗಳನ್ನು ಹೇಗಾದರೂ ಉಳಿಸಬೇಕೆಂಬ ನೀತಿಯನ್ನು ಕೈಬಿಟ್ಟಿತು. ಹ್ಯಾಟರಸ್ ಆ ಇಲಾಖೆಯ ಮೊದಲ ರಾಷ್ಟ್ರೀಯ ಕಡಲತೀರ. 1937ರಲ್ಲಿ ಅದಕ್ಕೆ ಅನುಮೋದನೆ ಸಿಕ್ಕಿ, 1953ರಲ್ಲಿ ಸ್ಥಾಪನೆಯಾಗಿತ್ತು. ತನ್ನ ಮೊದಲ ತೀರದಲ್ಲಿಯೇ ತಾನು ಕಲಿತದ್ದನ್ನು ಅದು ತಿದ್ದಿಕೊಳ್ಳಬೇಕಾಯಿತು.

ಎಪ್ಪತ್ತು ವರ್ಷಗಳ ಜಗಳ

ದೀಪಸ್ತಂಭವನ್ನು ಉಳಿಸಲು ಮಾಡಿದ ಪ್ರಯತ್ನಗಳ ಪಟ್ಟಿ ದೊಡ್ಡದು. 1930ರಲ್ಲಿ ಉಕ್ಕಿನ ಹಲಗೆಗಳನ್ನು ಕಡಲಿಗೆ ಅಡ್ಡಲಾಗಿ ಊರಿದರು. 1936ರಲ್ಲಿ ಸೋಲೊಪ್ಪಿ, ಒಳಗಿನ ಕಾಡಿನಲ್ಲಿ ಕಬ್ಬಿಣದ ಗೋಪುರವೊಂದನ್ನು ನಿಲ್ಲಿಸಿ ದೀಪವನ್ನು ಅಲ್ಲಿಗೆ ಒಯ್ದರು. ಇಟ್ಟಿಗೆಯ ಸ್ತಂಭ ಖಾಲಿಯಾಗಿ ಉಳಿಯಿತು. ದಡ ಸ್ವಲ್ಪ ಚೇತರಿಸಿಕೊಂಡಾಗ, 1950ರಲ್ಲಿ, ದೀಪ ಹಿಂತಿರುಗಿತು. 1966ರಲ್ಲಿ ಹಿನ್ನೀರಿನಿಂದ ಮೂರು ಲಕ್ಷ ಘನಗಜಕ್ಕೂ ಹೆಚ್ಚು ಮರಳನ್ನು ತಂದು ಸುರಿದರು, ಅದು ಕೊಚ್ಚಿಹೋಯಿತು. ನೈಲಾನ್ ಚೀಲಗಳಲ್ಲಿ ಮರಳು ತುಂಬಿ ಪೇರಿಸಿದರು. 1973ರಲ್ಲಿ ಮತ್ತೆ, ಈ ಬಾರಿ ಹನ್ನೆರಡೂವರೆ ಲಕ್ಷ ಘನಗಜ, ಮರಳು ಸುರಿದರು. ಪ್ಲಾಸ್ಟಿಕ್ಕಿನ ಕೃತಕ ಕಡಲಹುಲ್ಲನ್ನೂ ನೀರಿನಡಿಯಲ್ಲಿ ನೆಟ್ಟು ನೋಡಿದರು.

ಇವುಗಳಲ್ಲಿ ಹೆಚ್ಚು ಕಾಲ ನಿಂತದ್ದು, ಹೆಚ್ಚು ವಿವಾದಕ್ಕೂ ಒಳಗಾದದ್ದು, ನೌಕಾಪಡೆಯು 1969ರಿಂದ ಕಟ್ಟಿದ ಮೂರು ಕಾಂಕ್ರೀಟ್ ಗ್ರೋಯಿನ್‌ಗಳು. ಗ್ರೋಯಿನ್ ಎಂದರೆ ದಡದಿಂದ ಕಡಲಿಗೆ ಚಾಚುವ ಗೋಡೆ. ನಮ್ಮ ಮರವಂತೆಯಲ್ಲಿ ಹೆದ್ದಾರಿಯ ಪಕ್ಕದಲ್ಲಿ ಇಂಥವನ್ನು ನೋಡಿದವರಿದ್ದಾರೆ. ತೆರೆಗಳು ದಡಕ್ಕೆ ಓರೆಯಾಗಿ ಬಡಿಯುವುದರಿಂದ ಮರಳು ದಡದುದ್ದಕ್ಕೂ ಒಂದು ದಿಕ್ಕಿಗೆ ಹರಿಯುತ್ತಿರುತ್ತದೆ. ಗ್ರೋಯಿನ್ ಆ ಹರಿವನ್ನು ತಡೆದು ಒಂದು ಮಗ್ಗುಲಲ್ಲಿ ಮರಳು ಕೂಡಿಸುತ್ತದೆ. ಮತ್ತೊಂದು ಮಗ್ಗುಲಿಗೆ ಬರಬೇಕಾಗಿದ್ದ ಮರಳು ಬರುವುದಿಲ್ಲ. ಅಲ್ಲಿ ಕೊರೆತ ಹೆಚ್ಚುತ್ತದೆ. ಮೇಲಿನ ಹೊಲದವನು ಕಾಲುವೆಗೆ ಕಟ್ಟೆ ಹಾಕಿಕೊಂಡರೆ ಕೆಳಗಿನ ಹೊಲ ಒಣಗುವುದಲ್ಲವೆ, ಹಾಗೆ. ಹ್ಯಾಟರಸ್‌ನಲ್ಲಿ ದೀಪಸ್ತಂಭದ ಮುಂದೆ ಸ್ವಲ್ಪ ಮರಳು ನಿಂತಿತು, ದಕ್ಷಿಣಕ್ಕೆ ದಡ ಒಳಕ್ಕೆ ಬಾಗಿತು. 1970ರಲ್ಲಿ ಸ್ತಂಭಕ್ಕೂ ನೀರಿಗೂ ನಡುವೆ ಉಳಿದಿದ್ದ ಅಂತರ ಕೇವಲ 120 ಅಡಿ. 1980ರ ಮಾರ್ಚ್ ತಿಂಗಳ ಒಂದು ಬಿರುಗಾಳಿಯಲ್ಲಿ, ಪಕ್ಕದಲ್ಲಿದ್ದ 1803ರ ಸ್ತಂಭದ ಅಡಿಗಲ್ಲುಗಳ ಅವಶೇಷವೂ ಕಡಲಪಾಲಾಯಿತು. ಎಚ್ಚರಿಕೆ ಅದಕ್ಕಿಂತ ಸ್ಪಷ್ಟವಾಗಿ ಬರಲಾರದು.

ಸ್ತಂಭದ ಸುತ್ತ ಭದ್ರವಾದ ತಡೆಗೋಡೆಯನ್ನೇ ಕಟ್ಟಬೇಕೆಂಬ ಯೋಜನೆಯೊಂದು ಆಗ ಮುಂದೆ ಬಂತು. ಗೋಡೆ ನಿಲ್ಲುತ್ತಿತ್ತು, ನಿಜ. ಆದರೆ ಸುತ್ತಲಿನ ದಡ ಸರಿಯುತ್ತಲೇ ಹೋಗುವುದರಿಂದ ಕೆಲವು ದಶಕಗಳಲ್ಲಿ ದೀಪಸ್ತಂಭ ಕಡಲ ನಡುವಿನ ಕಾಂಕ್ರೀಟ್ ನಡುಗಡ್ಡೆಯಾಗುತ್ತಿತ್ತು. ಡ್ಯೂಕ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಆರಿನ್ ಪಿಲ್ಕಿ ಮತ್ತು ರಚನಾ ಎಂಜಿನಿಯರ್ ಡೇವಿಡ್ ಫಿಶೆಟ್ಟಿ ಮೊದಲಾದವರು ಇದಕ್ಕಿಂತ ಸ್ತಂಭವನ್ನೇ ಸರಿಸುವುದು ವಿವೇಕವೆಂದು ವಾದಿಸಿದರು. 1988ರಲ್ಲಿ ರಾಷ್ಟ್ರೀಯ ಸಂಶೋಧನ ಮಂಡಳಿಯು ಎಲ್ಲ ಆಯ್ಕೆಗಳನ್ನೂ ತೂಗಿ ನೋಡಿ ಸ್ಥಳಾಂತರವನ್ನೇ ಶಿಫಾರಸು ಮಾಡಿತು. ಹಣ ಮಾತ್ರ ಬರಲಿಲ್ಲ. ಹತ್ತು ವರ್ಷ ವರದಿ ಕಪಾಟಿನಲ್ಲಿ ಮಲಗಿತ್ತು.

ವಿರೋಧಿಸಿದವರ ಮಾತಿನಲ್ಲೂ ಹುರುಳಿತ್ತೆಂದು ನನ್ನ ಅಭಿಪ್ರಾಯ. ಇಟ್ಟಿಗೆಯ ಸ್ತಂಭ ದಾರಿಯಲ್ಲಿ ಕುಸಿದೀತೆಂಬ ಭಯ ಹಲವರದು, ಅದು ಸುಳ್ಳಾಯಿತು. ಆದರೆ ಸ್ಥಳೀಯ ಕೌಂಟಿಯ ಆತಂಕ ಬೇರೆ ಬಗೆಯದು. ದೀಪಸ್ತಂಭ ಇರುವವರೆಗೆ ಸರಕಾರ ಆ ದಡವನ್ನು ಕಾಯುತ್ತದೆ; ಅದು ಹೋದರೆ ನಮ್ಮ ಮನೆ, ನಮ್ಮ ರಸ್ತೆಯ ಗತಿಯೇನು? ಇನ್ನೊಂದು ಗ್ರೋಯಿನ್ ಕಟ್ಟಿಕೊಡಿ, ಸಾಕು ಎಂಬುದು ಅವರ ಬೇಡಿಕೆಯಾಗಿತ್ತು. ಅದಕ್ಕೆ ಅಡ್ಡಬಂದದ್ದು ರಾಜ್ಯದ ನೀತಿ. ಸಾಗರದ ದಡದಲ್ಲಿ ಗೋಡೆ, ಗ್ರೋಯಿನ್‌ಗಳಂಥ ಗಟ್ಟಿ ಕಟ್ಟಡಗಳನ್ನು ಉತ್ತರ ಕೆರೊಲೈನಾ 1985ರಿಂದ ನಿರ್ಬಂಧಿಸಿತ್ತು. ರಾಜ್ಯದ ಅತ್ಯಂತ ಪ್ರಸಿದ್ಧ ಕಟ್ಟಡಕ್ಕಾಗಿ ನಿಯಮವನ್ನು ಸಡಿಲಿಸಿದ್ದರೆ ಮುಂದೆ ಬರುವ ಪ್ರತಿ ಹೊಟೇಲಿಗೂ ಇಲ್ಲವೆನ್ನುವ ನೈತಿಕ ಬಲ ಉಳಿಯುತ್ತಿರಲಿಲ್ಲ.

ಇಪ್ಪತ್ತಮೂರು ದಿನಗಳ ಪಯಣ

1998ರಲ್ಲಿ ಕಾಂಗ್ರೆಸ್ಸು ಹಣ ಮಂಜೂರು ಮಾಡಿತು. ಒಟ್ಟು ವೆಚ್ಚ ಸುಮಾರು 1 ಕೋಟಿ 18 ಲಕ್ಷ ಡಾಲರು. ಬಫಲೋ ನಗರದ ಇಂಟರ್‌ನ್ಯಾಷನಲ್ ಚಿಮ್ನಿ ಎಂಬ ಸಂಸ್ಥೆ ಕೆಲಸ ವಹಿಸಿಕೊಂಡಿತು. ಮನೆಗಳನ್ನು ಇಡಿಯಾಗಿ ಸಾಗಿಸುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ಮೇರಿಲ್ಯಾಂಡಿನ ಸಂಸ್ಥೆಯೊಂದು ಜತೆಗೂಡಿತು.

ವಿಧಾನ ಹೇಳಲು ಸುಲಭ. ಬುನಾದಿಯ ಗ್ರಾನೈಟನ್ನು ವಜ್ರದ ಹರಳು ಪೋಣಿಸಿದ ತಂತಿಯಿಂದ ಸ್ವಲ್ಪ ಸ್ವಲ್ಪವಾಗಿ ಕೊಯ್ದು ತೆಗೆಯುತ್ತ, ತೆರವಾದ ಜಾಗದಲ್ಲಿ ಉಕ್ಕಿನ ಆಧಾರಗಳನ್ನು ಕೂರಿಸುತ್ತ ಹೋದರು. ಕೊನೆಗೆ 4,830 ಟನ್ ಭಾರವೆಲ್ಲ ಉಕ್ಕಿನ ತೊಲೆಗಳ ಮೇಲೂ ಅವುಗಳಡಿಯ ನೂರು ಜಾಕ್‌ಗಳ ಮೇಲೂ ಬಂತು. ಸ್ತಂಭವನ್ನು ಆರಡಿ ಎತ್ತಿದರು. ಎಂಜಿನಿಯರುಗಳ ಜಾಣ್ಮೆ ಇದ್ದದ್ದು ಜಾಕ್‌ಗಳನ್ನು ಹಂಚಿದ ರೀತಿಯಲ್ಲಿ. ಅವನ್ನು ಮೂರು ಗುಂಪು ಮಾಡಿ, ಒಂದೊಂದು ಗುಂಪಿನ ಜಾಕ್‌ಗಳಲ್ಲಿ ಎಣ್ಣೆಯ ಒತ್ತಡ ಸದಾ ಸಮವಾಗಿರುವಂತೆ ಜೋಡಿಸಿದ್ದರು. ಮೂರು ಗುಂಡುಗಳ ಒಲೆಯ ಮೇಲಿಟ್ಟ ಪಾತ್ರೆ, ನೆಲ ಏರುತಗ್ಗಾಗಿದ್ದರೂ, ಅಲುಗಾಡುವುದಿಲ್ಲ ಎಂಬುದನ್ನು ನಮ್ಮ ಅಡುಗೆಮನೆಗಳು ಎಂದೋ ಅರಿತಿದ್ದವು, ತತ್ತ್ವ ಅದೇ. ನಾಲ್ಕು ಕಾಲಾಗಿದ್ದರೆ ಒಂದು ಕಾಲು ತೇಲಿ, ಇಟ್ಟಿಗೆಯ ಗೋಡೆ ಸೀಳುವ ಅಪಾಯವಿತ್ತು. ಗೋಡೆಗಳಿಗೆ ಅಂಟಿಸಿದ್ದ ಸಂವೇದಕಗಳು ಓರೆ, ಕಂಪನ, ಬಿರುಕುಗಳನ್ನು ಕ್ಷಣಕ್ಷಣವೂ ಅಳೆಯುತ್ತಿದ್ದವು.

1999ರ ಜೂನ್ 17ರಂದು ಸ್ತಂಭ ಮೊದಲ ಬಾರಿಗೆ ಕದಲಿತು. ಉಕ್ಕಿನ ಹಳಿಗಳ ಮೇಲೆ ರೋಲರುಗಳು; ಹಿಂದಿನಿಂದ ತಳ್ಳುವ ಜಾಕ್‌ಗಳು ಒಂದು ಸಲಕ್ಕೆ ಐದು ಅಡಿ ನೂಕಿ, ಮತ್ತೆ ಹಿಡಿತ ಬದಲಿಸಿಕೊಳ್ಳುತ್ತಿದ್ದವು. ದಾಟಿದ ಹಳಿಗಳನ್ನು ಕಿತ್ತು ಮುಂದಕ್ಕೆ ಹಾಸುತ್ತಿದ್ದರು. ಸರಾಸರಿ ದಿನಕ್ಕೆ ಸುಮಾರು 125 ಅಡಿ. ನಮ್ಮೂರಿನ ರಥ ಇದಕ್ಕಿಂತ ಎಷ್ಟೋ ವೇಗವಾಗಿ ಸಾಗುತ್ತದೆ. ಜುಲೈ 9ರಂದು ಅದು ಹೊಸ ತಳಪಾಯವನ್ನು ತಲುಪಿತು: 60 ಅಡಿ ಚೌಕದ, ನಾಲ್ಕಡಿ ದಪ್ಪದ ಕಬ್ಬಿಣ ಕಾಂಕ್ರೀಟಿನ ಹಾಸು. ದೀಪ ಕಾಯುವವರ ಮನೆಗಳೂ, ಎಣ್ಣೆಮನೆಯೂ, ಮಳೆನೀರಿನ ತೊಟ್ಟಿಗಳೂ ಮೊದಲೇ ಅಲ್ಲಿಗೆ ಬಂದಿದ್ದವು. ಒಂದಕ್ಕೊಂದು ಹಳೆಯ ದೂರ, ಹಳೆಯ ದಿಕ್ಕು ಕೆಡದಂತೆ ಅವನ್ನು ಕೂರಿಸಲಾಗಿತ್ತು. ಎರಡು ತಿಂಗಳೂ ಕಳೆಯುವ ಮೊದಲೇ ಡೆನಿಸ್ ಚಂಡಮಾರುತ ಬಂದು ದಿನಗಟ್ಟಲೆ ಈ ದಡವನ್ನು ಬಡಿಯಿತು. ಅದೇ ನವೆಂಬರ್ 13ರಂದು ದೀಪ ಮತ್ತೆ ಬೆಳಗಿತು. ಸ್ಥಳಾಂತರಿಸಿದಾಗ ಸ್ತಂಭಕ್ಕೂ ಕಡಲಿಗೂ ನಡುವೆ ಹೆಚ್ಚುಕಡಿಮೆ 1870ರಲ್ಲಿದ್ದಷ್ಟೇ, ಸುಮಾರು 1,600 ಅಡಿಯ, ಅಂತರ ಕಾದಿರಿಸಿದರು. ಶಾಶ್ವತ ಪರಿಹಾರವೆಂದು ಯಾರೂ ಹೇಳಲಿಲ್ಲ. ಸುಮಾರು ನೂರು ವರ್ಷಗಳ ಬಿಡುವು ಸಿಕ್ಕಿತೆಂಬುದೇ ಅವರ ಲೆಕ್ಕ.

ಸಂಗ್ರಹಾಲಯ, ಮತ್ತು ಅದರ ಹೊರಗೆ

ಸಂಗ್ರಹಾಲಯ ಇರುವುದು 1854ರಲ್ಲಿ ಕಟ್ಟಿದ, ಇಬ್ಬರು ಸಹಾಯಕ ದೀಪಪಾಲಕರ ಕುಟುಂಬಗಳು ವಾಸವಾಗಿದ್ದ ಬಿಳಿಯ ಮರದ ಮನೆಯಲ್ಲಿ. ಪ್ರವೇಶ ಶುಲ್ಕವಿಲ್ಲ. ದೊಡ್ಡ ಸಂಗ್ರಹವನ್ನು ನಿರೀಕ್ಷಿಸಿ ಹೋದವರಿಗೆ ನಿರಾಸೆಯಾದೀತು. ದ್ವೀಪದ ಇತಿಹಾಸ, ಹಡಗು ದುರಂತಗಳು, ದೀಪಪಾಲಕರ ಬದುಕು, ಸ್ಥಳಾಂತರದ ಚಿತ್ರಗಳು ಇಲ್ಲಿವೆ. ಮೂಲ ಫ್ರೆನೆಲ್ ಮಸೂರದ ಉಳಿದ ಭಾಗಗಳನ್ನು ನೋಡಲು ಹ್ಯಾಟರಸ್ ಊರಿನಲ್ಲಿರುವ ಬೇರೊಂದು ಸಂಗ್ರಹಾಲಯಕ್ಕೆ ಹೋಗಬೇಕು. ನನ್ನ ಮಟ್ಟಿಗೆ ನಿಜವಾದ ಸಂಗ್ರಹಾಲಯ ಹೊರಗಿದೆ. ಮೊದಲು ಸ್ತಂಭದ ಬುಡದಲ್ಲಿ ನಿಂತು, ಆಮೇಲೆ ಅದು ಬಂದ ದಾರಿಯಲ್ಲಿಯೇ ಈಶಾನ್ಯಕ್ಕೆ ಅರ್ಧ ಮೈಲಿ ನಡೆದು ಕಡಲತೀರ ಸೇರಿದರೆ, ಅಲ್ಲಿ ಏನೂ ಇಲ್ಲದಿರುವುದೇ ನೋಡತಕ್ಕದ್ದು.

ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಇದೇ ಮರಳಿನಲ್ಲಿ ಕಡಲಾಮೆಗಳು, ಹೆಚ್ಚಾಗಿ ಲಾಗರ್‌ಹೆಡ್ ಜಾತಿಯವು, ರಾತ್ರಿ ಬಂದು ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದ ಮರಿಗಳು ಬೆಳಕಿನತ್ತ ಸಾಗುವ ಸ್ವಭಾವದವು. ಪ್ರಕೃತಿಯಲ್ಲಿ ಆ ಬೆಳಕು ಕಡಲ ಕಡೆಯದು. ಮನೆಗಳ ವಿದ್ಯುದ್ದೀಪ, ತೀರದಲ್ಲಿ ಹಾಕಿದ ಬೆಂಕಿ ಅವುಗಳ ದಿಕ್ಕು ತಪ್ಪಿಸುತ್ತದೆ. ಗೂಡುಗಳ ಸುತ್ತ ಹಗ್ಗ ಕಟ್ಟಿ, ರಾತ್ರಿ ವಾಹನ ಸಂಚಾರವನ್ನು ನಿಲ್ಲಿಸುತ್ತಾರೆ. ತಡೆಗೋಡೆ ಕಟ್ಟಿದ ದಡದಲ್ಲಿ ಮೊಟ್ಟೆಯಿಡಲು ಮರಳೇ ಉಳಿಯುವುದಿಲ್ಲ ಎಂಬುದನ್ನು ನೆನೆದರೆ, 1980ರ ದಶಕದ ಆ ವಾದವಿವಾದ ಬರಿಯ ಇಟ್ಟಿಗೆಯ ಕಟ್ಟಡದ ಕುರಿತಾಗಿರಲಿಲ್ಲವೆಂದು ತಿಳಿಯುತ್ತದೆ.

ಸರಕಾರಿ ಸ್ತಂಭ ಸರಿಯಿತು. ಊರು ಸರಿಯುವುದು ಅಷ್ಟು ಸುಲಭವಲ್ಲ. ಹ್ಯಾಟರಸ್‌ನ ಉತ್ತರಕ್ಕಿರುವ ರೊಡಾಂತೆಯಲ್ಲಿ 2022ರ ಮೇ 10ರಂದು ಒಂದೇ ದಿನ ಎರಡು ಮನೆಗಳು ಕಡಲಿಗೆ ಬಿದ್ದವು. ಕಂಬಗಳ ಮೇಲಿನ ಮನೆಯೊಂದು ನಿಧಾನವಾಗಿ ತೆರೆಗಳಲ್ಲಿ ತೇಲಿದ ದೃಶ್ಯವನ್ನು ಜಗತ್ತೆಲ್ಲ ನೋಡಿತು. ಅದೇ ವರ್ಷದ ಜುಲೈನಲ್ಲಿ ಅಲ್ಲಿಯ ಹೆದ್ದಾರಿಯನ್ನೇ ದಡದಿಂದ ಬಿಡಿಸಿ, ಹಿನ್ನೀರಿನ ಮೇಲೆ 2.4 ಮೈಲಿ ಉದ್ದದ ಸೇತುವೆಗೆ ಒಯ್ದರು. ದೀಪಸ್ತಂಭದ ಪಾಠವನ್ನು ರಸ್ತೆಗೂ ಅನ್ವಯಿಸಿದಂತಾಯಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಬಕ್ಸ್‌ಟನ್ನಿನಲ್ಲಿಯೇ ಹಲವು ಮನೆಗಳು ಕುಸಿದವು. ಗ್ರೋಯಿನ್ ದುರಸ್ತಿಯ ಬೇಡಿಕೆ ಮತ್ತೆ ಎದ್ದಿದೆ. ಮೂವತ್ತು ವರ್ಷ ದುಡಿದು ಕೊಂಡ ಮನೆಯ ಮುಂದೆ ನಿಂತವನಿಗೆ ದ್ವೀಪ ನಡೆಯುತ್ತದೆ ಎಂಬ ವಿವರಣೆ ಸಮಾಧಾನ ಕೊಡಲಾರದು.

ಇಲ್ಲಿ ಉಳ್ಳಾಲ ನೆನಪಾಗದೆ ಇರದು. ನೇತ್ರಾವತಿಯ ಅಳಿವೆಯ ದಕ್ಷಿಣಕ್ಕಿರುವ ಆ ದಡದಲ್ಲಿ ದಶಕಗಳ ಕಾಲ ಪ್ರತಿ ಮಳೆಗಾಲಕ್ಕೂ ಬಂಡೆ ಸುರಿದರು. ಆಮೇಲೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಕಡಲೊಳಗೆ ತೆರೆಗಳ ಬಲ ಕುಗ್ಗಿಸುವ ಕಟ್ಟೆಗಳನ್ನು ಕಟ್ಟಿದರು. ಕೊರೆತದ ಸುದ್ದಿ ಈಗ ಇನ್ನೂ ದಕ್ಷಿಣದ ಸೋಮೇಶ್ವರ, ಉಚ್ಚಿಲಗಳಿಂದಲೂ ಬರುತ್ತದೆ. ನಮ್ಮ ಕಾಪುವಿನ ದೀಪಸ್ತಂಭ, 1901ರದು, ಬಂಡೆಯ ಮೇಲೆ ನಿಂತಿರುವುದರಿಂದ ಅದಕ್ಕೆ ಈ ಚಿಂತೆಯಿಲ್ಲ. ಮರಳಿನ ಮೇಲಿರುವ ಮೊಗವೀರರ ಮನೆಗಳಿಗೆ ಇದೆ. ಹ್ಯಾಟರಸ್‌ನ ಹಾಗೆ ಸರಿಯಿರಿ ಎಂದು ಅವರಿಗೆ ಹೇಳುವುದು ನ್ಯಾಯವಲ್ಲ. ಅವರಿಗೆ ಹಿಂದೆ ಕಾದಿರಿಸಿದ ನೆಲವಿಲ್ಲ, ದೋಣಿಯಿಂದ ದೂರವಿರುವ ಬದುಕೂ ಇಲ್ಲ. ಎರಡು ದೇಶಗಳ ನಿಯಮಗಳಲ್ಲಿ ಮಾತ್ರ ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ಭಾರತದ ಕರಾವಳಿ ನಿಯಂತ್ರಣ ವಲಯದ ನಿಯಮಗಳು 1991ರಿಂದಲೂ ಭರತದ ಗೆರೆಯಿಂದ ಇಷ್ಟು ಮೀಟರ್ ಎಂದು ನಿಗದಿ ಮಾಡುತ್ತವೆ. 2019ರ ಅಧಿಸೂಚನೆಯು ಜನನಿಬಿಡ ಗ್ರಾಮೀಣ ದಡಗಳಲ್ಲಿ ಕಟ್ಟಡ ನಿಷೇಧದ ಪಟ್ಟಿಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಉತ್ತರ ಕೆರೊಲೈನಾದಲ್ಲಿ ಸಣ್ಣ ಮನೆ ಕಟ್ಟಲು ಬಿಡಬೇಕಾದ ದೂರವನ್ನು ಆ ದಡ ವರ್ಷಕ್ಕೆ ಸರಾಸರಿ ಎಷ್ಟು ಕೊರೆಯುತ್ತದೆಯೋ ಅದರ ಮೂವತ್ತು ಪಟ್ಟು ಎಂದು ಲೆಕ್ಕ ಹಾಕುತ್ತಾರೆ. ಮೊದಲನೆಯದು ದಡವನ್ನು ಗೆರೆಯೆಂದು ಬಗೆಯುತ್ತದೆ, ಎರಡನೆಯದು ಚಲನೆಯೆಂದು. ಎರಡನೆಯ ಲೆಕ್ಕವಿದ್ದೂ ಬಕ್ಸ್‌ಟನ್ನಿನ ಮನೆಗಳು ಬಿದ್ದವು, ಏಕೆಂದರೆ ಆ ಮನೆಗಳ ಆಯುಷ್ಯಕ್ಕಿಂತ ಮೂವತ್ತು ವರ್ಷ ಚಿಕ್ಕದು.

ಹೋಗಬಯಸುವವರಿಗೆ ಕೆಲವು ಮಾತು. ವರ್ಜೀನಿಯದ ನಾರ್ಫೋಕ್ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ. ರಾಲಿಯಿಂದ ಇನ್ನೂ ಹೆಚ್ಚು. ಸ್ತಂಭದ ಮೇಲ್ಮಹಡಿಗೆ 257 ಮೆಟ್ಟಿಲು. ಕೆಲವು ವರ್ಷಗಳಿಂದ ದೊಡ್ಡ ಪ್ರಮಾಣದ ಜೀರ್ಣೋದ್ಧಾರ ನಡೆದಿರುವುದರಿಂದ ಹತ್ತುವುದು ನಿಂತಿದೆ. ಇಟ್ಟಿಗೆ, ಕಬ್ಬಿಣ, ಬಣ್ಣಗಳ ದುರಸ್ತಿಯ ಜತೆಗೆ ಮೂಲದಂತೆಯೇ ಕಾಣುವ ಫ್ರೆನೆಲ್ ಮಸೂರವನ್ನು ಕೂರಿಸುವ ಯೋಜನೆಯೂ ಅದರಲ್ಲಿದೆ. ಹೊರಡುವ ಮುನ್ನ ಉದ್ಯಾನ ಸೇವೆಯ ಪ್ರಕಟಣೆ ನೋಡಿಕೊಳ್ಳಬೇಕು. ಹಳೆಯ ಸ್ಥಳದ ಬಳಿಯ ಕಡಲತೀರದ ಭಾಗವನ್ನೂ 2023ರಲ್ಲಿ ಮುಚ್ಚಿದ್ದರು: ಅಲ್ಲಿದ್ದ ಹಿಂದಿನ ಸೇನಾನೆಲೆಯ ಮಣ್ಣಿನಲ್ಲಿ ಹುದುಗಿದ್ದ ಇಂಧನ ತೈಲ, ಕೊರೆತದಿಂದ ಬಯಲಾಗಿ, ಮರಳಿಗೂ ನೀರಿಗೂ ಬೆರೆತಿತ್ತು.

ಸ್ತಂಭದ ಸಮೀಪದಲ್ಲಿ ಅರ್ಧವೃತ್ತಾಕಾರದಲ್ಲಿ ಜೋಡಿಸಿದ ಗ್ರಾನೈಟ್ ಕಲ್ಲುಗಳಿವೆ, ಕೂರಲು ಆಸನಗಳಂತೆ. ಅವು ಸ್ಟೆಟ್ಸನ್ನನ ಬುನಾದಿಯಿಂದ ಕೊಯ್ದು ತೆಗೆದ ಕಲ್ಲುಗಳು. ಇಲ್ಲಿ ದೀಪ ಕಾಯ್ದ 83 ಜನರ ಹೆಸರುಗಳನ್ನು ಅವುಗಳ ಮೇಲೆ ಕೆತ್ತಿದ್ದಾರೆ. ಸ್ಥಳಾಂತರವಾದ ಮೇಲೆ ಈ ಕಲ್ಲುಗಳನ್ನು ಹಳೆಯ ಸ್ಥಳದಲ್ಲಿಯೇ, ಸ್ತಂಭ ನಿಂತಿದ್ದ ಗುರುತಾಗಿ, ವೃತ್ತಾಕಾರದಲ್ಲಿ ಇರಿಸಿದ್ದರು. ಬಿರುಗಾಳಿಗಳು ಬಂದು ಬಂದು ಅವನ್ನು ಮರಳಿನಲ್ಲಿ ಹೂಳತೊಡಗಿದವು. 2015ರಲ್ಲಿ ಅವನ್ನೂ ಎತ್ತಿ, ಸ್ತಂಭ ಬಂದ ದಾರಿಯಲ್ಲಿಯೇ ಒಳಕ್ಕೆ ತಂದರು.